ತೊಟ್ಟಿಲ ಕಾರ್ಯದಲ್ಲಿ ಕಾರು ಮಲಗಿದ್ದು

ಹಾನಗಲ್ಲಿನ ನಮ್ಮ ಬಟ್ಟೆ ಅಂಗಡಿಯಲ್ಲಿ, ಗಲ್ಲಾದ ಹಿಂದಿನ ಗೂಟಕ್ಕೆ, ಎರಡು ದಪ್ಪ ವೈರುಗಳು ನೇತಾಡುತ್ತವೆ. ಒಂದು ಕೆಂಪು, ಒಂದು ಕಪ್ಪು. ತುದಿಗೆ ಮೊಸಳೆಯ ಬಾಯಿಯಂಥ ಹಲ್ಲಿನ ಚಿಮಟಿಗಳು. ಮೊನ್ನೆ ತಿಳವಳ್ಳಿ ಕಡೆಯ ಅಜ್ಜನೊಬ್ಬ ಪೈಜಾಮದ ಬಟ್ಟೆ ಹರಿಸಿಕೊಂಡು, ಹೋಗದೆ ಅವುಗಳನ್ನೇ ದಿಟ್ಟಿಸುತ್ತ ನಿಂತ.

"ಸಾವಕಾರ್ರ, ಇದೇನ್ ಹೊಸಾ ನಮೂನಿ ಲಾಡಿ ಏನ್ರಿ?"

"ಲಾಡಿ ಅಲ್ಲ ಅಜ್ಜಾ, ಕಾರಿನ ಬ್ಯಾಟರಿಗೆ ಹಚ್ಚೂದು."

"ನಿಮ್ಮದು ಕರೆಂಟಿನ ಕಾರಲ್ಲೇನ್ರಿ? ಕಾರ ಅಂದ್ರನ ಬ್ಯಾಟರಿ. ಮತ್ತ ಬ್ಯಾಟರಿಗೊಂದು ಬ್ಯಾಟರಿ ಯಾಕ?"

ಅಜ್ಜನ ಪ್ರಶ್ನೆ ನ್ಯಾಯವಾದದ್ದು. ಎರಡು ವರ್ಷದ ಹಿಂದೆ ಹುಬ್ಬಳ್ಳಿಗೆ ಹೋಗಿ, ಒಬ್ಬರು ಓಡಿಸಿ ಬಿಟ್ಟ ಎಲೆಕ್ಟ್ರಿಕ್ ಕಾರನ್ನು ಕೊಂಡು ತಂದಾಗ ನಾನೂ ಇದನ್ನೇ ಕೇಳಿದ್ದೆ. ಸೀಟಿನ ಕೆಳಗೆ ಹಾಸಿಗೆಯಷ್ಟು ಅಗಲದ ದೊಡ್ಡ ಬ್ಯಾಟರಿ ಇದೆಯಂತೆ, ಕಾರನ್ನು ಓಡಿಸುವುದು ಅದು. ಆದರೆ ಬಾನೆಟ್ಟಿನ ಮೂಲೆಯಲ್ಲಿ ಇನ್ನೊಂದು ಸಣ್ಣದು ಕುಳಿತಿರುತ್ತದೆ. ಬಾಗಿಲಿನ ಲಾಕು ತೆಗೆಯುವುದು, ದೀಪ ಹಚ್ಚುವುದು, ಹಾರ್ನು ಊದುವುದು ಅದರ ಕೆಲಸ. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡದನ್ನು ಎಬ್ಬಿಸುವುದು ಕೂಡ ಅದೇ. ಸಣ್ಣದು ಸುಮ್ಮನಾದರೆ ದೊಡ್ಡದು ಎಷ್ಟೇ ತುಂಬಿದ್ದರೂ ಏಳುವುದಿಲ್ಲ. ಪಂಕ್ತಿಗೆ ಏಳಿರಿ ಎಂದು ಯಾರೂ ಕರೆಯಲಿಲ್ಲವೆಂದು ಹಸಿದುಕೊಂಡೇ ಕುಳಿತ ಬೀಗರ ಹಾಗೆ.

ನಮ್ಮ ಸಣ್ಣ ಬ್ಯಾಟರಿಗೆ ಕಳೆದ ವರ್ಷದಿಂದಲೇ ಮುಪ್ಪು ಹತ್ತಿತ್ತು. ಬೆಳಿಗ್ಗೆ ಕೀಲಿಯ ಗುಂಡಿ ಒತ್ತಿದರೆ ಬಾಗಿಲು ತೆರೆಯದೆ, ಒಳಗಿನಿಂದ 'ಟಿಕ್' ಎಂದು ಬಾಯಿ ಚಪ್ಪರಿಸಿದ ಸದ್ದು ಬರುತ್ತಿತ್ತು. ಎರಡನೆಯ ಸಲ ಒತ್ತಿದರೆ ತೆರೆಯುತ್ತಿತ್ತು. ಒಳಗೆ ಕುಳಿತರೆ, ಎದುರಿನ ಪರದೆಯ ಮೇಲೆ ಇರುವ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಂಡು, ಬ್ರೇಕು ಹೋಗಿದೆ, ಸ್ಟೀರಿಂಗು ಹೋಗಿದೆ, ಬಾಗಿಲು ಹಾಕಿಲ್ಲ, ಬೆಲ್ಟು ಕಟ್ಟಿಲ್ಲ ಎಂದು ದೂರು ಹೇಳುತ್ತಿದ್ದವು. ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಕುಳಿತರೆ ತಾವಾಗಿಯೇ ಆರುತ್ತಿದ್ದವು. ನಾನು ಅದನ್ನು ಧ್ಯಾನದ ಸಮಯವೆಂದು ಭಾವಿಸಿಕೊಂಡಿದ್ದೆ.

ಹುಬ್ಬಳ್ಳಿಯ ರಿಪೇರಿಯವನು ಫೋನಿನಲ್ಲಿ, "ಸಣ್ಣ ಬ್ಯಾಟರಿ ವಯಸ್ಸಾಗೈತ್ರಿ, ಬದಲಿ ಮಾಡ್ರಿ" ಎಂದ. ಅರ್ಧ ಥಾನು ಉಳಿದಿರುವಾಗ ಹೊಸ ಥಾನು ಬಿಚ್ಚಬಾರದೆಂಬ ಕುಲಧರ್ಮದಲ್ಲಿ ಬೆಳೆದವನು ನಾನು. ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿರುವಾಗ ಸಣ್ಣದರ ಚಿಂತೆ ಯಾಕೆ ಎಂದು ಸುಮ್ಮನಾದೆ. ಸುಮ್ಮನಾದದ್ದಷ್ಟೇ ಅಲ್ಲ, ನನ್ನದೇ ಒಂದು ಔಷಧವನ್ನೂ ಮಾಡಿದೆ.

ನಾವು ಸಣ್ಣವರಿದ್ದಾಗ ಮನೆಯಲ್ಲಿ ಒಂದು ರೇಡಿಯೋ ಇತ್ತು. ಅದರ ಶೆಲ್ಲುಗಳು ಇಳಿದು, ವಾರ್ತೆ ಓದುವವರ ದನಿ ಬಾವಿಯೊಳಗಿನಿಂದ ಬಂದಂತೆ ಕೇಳತೊಡಗಿದರೆ ಅಪ್ಪ ಶೆಲ್ಲುಗಳನ್ನು ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದರು. ಕಾಗೆ ಒಯ್ಯದ ಹಾಗೆ ಕಾಯುವ ಕೆಲಸ ನನಗೂ ಗಿರಿಜಕ್ಕನಿಗೂ. ಕಾಗೆಗೆ ಶೆಲ್ಲು ಯಾಕೆ ಬೇಕು ಎಂದು ನಾವು ಕೇಳಲಿಲ್ಲ, ಕಾಗೆಯೂ ಒಂದು ದಿನವೂ ಬರಲಿಲ್ಲ. ಸಂಜೆಗೆ ಬೆಚ್ಚಗಿನ ಶೆಲ್ಲನ್ನು ಮರಳಿ ಹಾಕಿದರೆ ವಾರ್ತೆಯವರು ಬಾವಿಯಿಂದ ಮೇಲೆ ಬರುತ್ತಿದ್ದರು. ಮತ್ತೂ ಇಳಿದರೆ ಅಪ್ಪ ಅವುಗಳನ್ನು ಹಲ್ಲಿನಿಂದ ಕಚ್ಚಿ ನೆಗ್ಗಿಸುತ್ತಿದ್ದರು. ಅದರಿಂದಲೂ ಎರಡು ದಿನ ಬರುತ್ತಿತ್ತು.

ನಾನೂ ಸಣ್ಣ ಬ್ಯಾಟರಿಯನ್ನು ಬಿಚ್ಚಿ ಮಾಳಿಗೆಗೆ ಒಯ್ದು ಬಿಸಿಲಿಗಿಟ್ಟೆ. ಹೆಂಡತಿ ಸುಮಿತ್ರಾ ಒಗೆದ ಬಟ್ಟೆ ಹರವಲು ಮೇಲೆ ಬಂದವಳು, ಬ್ಯಾಟರಿಯನ್ನೂ ಅದರ ಪಕ್ಕ ಟಾವೆಲ್ ತಲೆಗೆ ಸುತ್ತಿಕೊಂಡು ಕುಳಿತ ನನ್ನನ್ನೂ ನೋಡಿದಳು.

"ಇದನ್ನೂ ಕಚ್ಚವರ ಏನು?"

"ಇದು ದೊಡ್ಡದೈತಿ."

"ಮತ್ತ ಹಂಗ ಒಣಗಸೂದಿದ್ರ ಇದರ ಜೋಡಿ ಹಪ್ಪಳಾನೂ ಹಾಕ್ತೇನಿ ತಡೀರಿ. ಕಾಗಿ ಕಾಯಾಕ ಹೆಂಗೂ ನೀವು ಅದೀರಿ."

ಹಾಕಿಯೂ ಹಾಕಿದಳು. ವಿಚಿತ್ರವೆಂದರೆ ಮರುದಿನ ಕಾರು ಒಂದೇ ಒತ್ತಿಗೆ ಎದ್ದಿತು. ನಾನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ವಾರಗಟ್ಟಲೆ ಇದನ್ನು ಹೇಳಿದೆ. ಹಪ್ಪಳವೂ ಚೆನ್ನಾಗಿ ಒಣಗಿತ್ತು.

ಈಗ ಗಿರಿಜಕ್ಕನ ವಿಷಯಕ್ಕೆ ಬರಬೇಕು. ಅಕ್ಕನನ್ನು ಕೊಟ್ಟದ್ದು ಸವಣೂರಿಗೆ. ನಮ್ಮ ಭಾಗದಲ್ಲಿ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಬರುವುದು ರೂಢಿ. ಮನೆಯವರೇ ಹೋಗಿ ಕರೆಯಬೇಕು. ಹೋದ ಪಂಚಮಿಗೆ ಅಂಗಡಿಯಲ್ಲಿ ಗಿರಾಕಿ ಹೆಚ್ಚಿದ್ದರಿಂದ ನಮಗೆ ಹೋಗಲಾಗಲಿಲ್ಲ. ಸುಮಿತ್ರಾ ಮೊಬೈಲಿನಲ್ಲಿ ದನಿ ತುಂಬಿ, "ಅಕ್ಕಾರ, ಪಂಚಮಿಗೆ ಬರ್ರಿ" ಎಂದು ಕಳಿಸಿದಳು. ಅಕ್ಕ ಬರಲಿಲ್ಲ. "ತವರಿನ ಕರಿಯೋಲಿ ಮೊಬೈಲಿನ್ಯಾಗ ಬರ್ತೈತೇನು? ಇನ್ನ ಆ ಮನಿ ಹೊಸ್ತಲಾ ತುಳಿಯಂಗಿಲ್ಲ" ಎಂದಳಂತೆ. ದೀಪಾವಳಿ ಮುಗಿದ ಮೇಲೆ ಅಕ್ಕನ ಮಗಳು ರೇಣುಕಾಳ ಕೂಸಿನ ತೊಟ್ಟಿಲ ಕಾರ್ಯ ಬಂತು. ಅಕ್ಕ ಖುದ್ದಾಗಿ ಕರೆಯಲಿಲ್ಲ. ಮೊಬೈಲಿನಲ್ಲಿ ಒಂದು ಕಾರ್ಡಿನ ಚಿತ್ರ ಬಂತು. ಕೆಳಗೆ ಕೈಮುಗಿದ ಒಂದು ಗೊಂಬೆ.

ಸುಮಿತ್ರಾ ಗೊಂಬೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

"ಹೋಗೂಣು. ಕೂಸು ಏನ ಮಾಡೈತಿ ಪಾಪ. ತೊಟ್ಟಿಲಾ ತೂಗ್ತೇನಿ, ಬೆಳ್ಳಿ ಕಡಗಾ ಹಾಕ್ತೇನಿ. ಆದ್ರ ಆ ಮನ್ಯಾಗ ಒಂದು ಹನಿ ನೀರೂ ಕುಡಿಯಂಗಿಲ್ಲ. ನೀವೂ ಅಷ್ಟs."

ನಮ್ಮ ಕಡೆ ಕಾರ್ಯಕ್ಕೆ ಹೋಗಿ ಉಣ್ಣದೆ ಬರುವುದೆಂದರೆ ಹೋಗದೆ ಇರುವುದಕ್ಕಿಂತ ಹತ್ತು ಪಟ್ಟು ಘೋರ. ಅಕ್ಕನ ಮನೆಯ ಎಣ್ಣೆಗಾಯಿ, ಹೋಳಿಗೆ, ಸವಣೂರಿನ ಹೆಸರಾದ ಕುರುಕಲು ಖಾರ ಎಲ್ಲ ನನ್ನ ಕಣ್ಣ ಮುಂದೆ ಸಾಲಾಗಿ ಬಂದು, ಕೈಮುಗಿದು ಹೋದವು.

ಬಂಕಾಪುರ ದಾಟಿ ಸವಣೂರಿಗೆ ಹೋಗುವವರೆಗೆ ಕಾರು ಸದ್ದಿಲ್ಲದೆ ಓಡಿತು, ಸುಮಿತ್ರಾಳೂ ಸದ್ದಿಲ್ಲದೆ ಕುಳಿತಿದ್ದಳು. ಅಕ್ಕನ ಮನೆಯ ಮುಂದೆ ಬೀದಿಗೆ ಅಡ್ಡಲಾಗಿ ಹಂದರ ಹಾಕಿದ್ದರು. ಸುಮಿತ್ರಾಳ ಅಪ್ಪಣೆಯಂತೆ ಕಾರನ್ನು ಹಂದರದ ಬಾಯಲ್ಲೇ, ಮೂತಿ ಹೊರಗೆ ಮಾಡಿ ನಿಲ್ಲಿಸಿದೆ. ಕಾರ್ಯ ಮುಗಿದ ಕೂಡಲೇ ಹಾರಿ ಕುಳಿತು ಹೊರಡಲು ಅನುಕೂಲವಾಗಲಿ ಎಂದು. ಅದೊಂದೇ ಆ ದಿನದ ದೊಡ್ಡ ತಪ್ಪು ಲೆಕ್ಕ.

ಹೆಂಗಸರು ತೊಟ್ಟಿಲು ತೂಗಿದರು. ಕೂಸಿನ ಕಿವಿಯಲ್ಲಿ ಯಾರ ಬಾಯಿಗೂ ಸರಿಯಾಗಿ ಬಾರದ ಒಂದು ಹೆಸರನ್ನು ಉಸುರಿದರು. ಅಕ್ಕನ ಗಂಡ, ನಮ್ಮ ಭಾವ, ಅಂದಿನಿಂದಲೂ ಅದನ್ನು 'ಬಾಳ್ಯಾ' ಎಂದೇ ಕರೆಯುತ್ತಾರೆ. ಸುಮಿತ್ರಾ ಕಡಗ ಹಾಕಿದಳು. ಅಕ್ಕ "ಬಂದ್ರೇನು?" ಎಂದಳು. ಸುಮಿತ್ರಾ "ಬಂದೇವಿ" ಎಂದಳು. ಎಲೆ ಹಾಕುವ ಸದ್ದು ಕೇಳಿದ್ದೇ ತಡ, ಸುಮಿತ್ರಾ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿ, ಸೆರಗು ಬಿಗಿದುಕೊಂಡು, ಎಲ್ಲರಿಗೂ ಕಾಣುವ ಹಾಗೆ ಹೊರಗೆ ನಡೆದಳು. ಊಟಕ್ಕೆ ಕುಳಿತವರೆಲ್ಲ ತಿರುಗಿ ನೋಡಿದರು. ನಾನು ಹಿಂದಿನಿಂದ ಹೋಗಿ, ಕಾರಿನ ಕಡೆ ಕೀಲಿ ಹಿಡಿದು ಗುಂಡಿ ಒತ್ತಿದೆ.

ಏನೂ ಆಗಲಿಲ್ಲ. 'ಟಿಕ್' ಎಂಬ ಸದ್ದೂ ಇಲ್ಲ. ಮತ್ತೆ ಒತ್ತಿದೆ. ಕೀಲಿಯನ್ನು ಗಾಜಿಗೆ ತಾಗಿಸಿ ಒತ್ತಿದೆ. ನನ್ನ ಗದ್ದಕ್ಕೆ ಹಿಡಿದು ಒತ್ತಿದೆ, ಹಾಗೆ ಮಾಡಿದರೆ ಬಲ ಬರುತ್ತದೆಂದು ಯಾರೋ ಹೇಳಿದ್ದರು. ಸುಮಿತ್ರಾ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು, ಮುಖವನ್ನು ಬೀದಿಯ ಕಡೆ ಮಾಡಿ ನಿಂತೇ ಇದ್ದಳು.

"ಜಲ್ದಿ ತಗೀರಿ. ಎಲ್ಲಾರೂ ನೋಡಾಕತ್ತಾರ."

"ಅದs ಏಳವಲ್ದು."

ಕಡೆಗೆ ಕೀಲಿಯ ಹೊಟ್ಟೆಯೊಳಗೆ ಒಂದು ನಿಜವಾದ ಕಬ್ಬಿಣದ ಕೀಲಿ ಅಡಗಿರುತ್ತದೆಂದು ನೆನಪಾಗಿ, ಅದರಿಂದ ಬಾಗಿಲು ತೆರೆದೆ. ಸುಮಿತ್ರಾ ಹಿಂದಿನ ಸೀಟಿಗೆ ಹೋಗಿ ಕುಳಿತಳು. ಮುನಿಸಿಗೆ ಹಿಂದಿನ ಸೀಟೇ ಅನುಕೂಲ. ಒಳಗೆ ಒಂದು ದೀಪವೂ ಹತ್ತಲಿಲ್ಲ, ಕಿಟಕಿಯ ಗಾಜು ಇಳಿಯಲಿಲ್ಲ. ದೊಡ್ಡ ಬ್ಯಾಟರಿಯಲ್ಲಿ ಗೋವಾಕ್ಕೆ ಹೋಗುವಷ್ಟು ಶಕ್ತಿ ಇತ್ತು, ಹಂದರದಿಂದ ಹೊರಗೆ ಹೋಗುವಷ್ಟು ಇರಲಿಲ್ಲ.

ಅಷ್ಟರಲ್ಲಿ ಭಾವ ಬಂದರು. ಅವರ ಹಿಂದೆ ಕೈ ತೊಳೆದ ನಾಲ್ಕು ಮಂದಿ, ಕೈ ತೊಳೆಯದ ಆರು ಮಂದಿ.

"ಏನಾತು?"

"ಬ್ಯಾಟರಿ ಹೋಗೈತ್ರಿ ಭಾವ."

"ಅಷ್ಟsಲಾ? ದಬ್ರಿ!"

ನಮ್ಮ ಸೀಮೆಯವರಿಗೆ ದಬ್ಬುವುದು ರಕ್ತದಲ್ಲೇ ಬಂದದ್ದು. ನಾನು ಹುಡುಗನಿದ್ದಾಗ ಅಜ್ಜಿಯ ಊರು ತಿಳವಳ್ಳಿಗೆ ಹೋಗುವ ಬಸ್ಸು, ಬೆಳಗಿನ ಹೊತ್ತು ದಬ್ಬದೆ ಹೊರಟ ನೆನಪೇ ಇಲ್ಲ. ಕಂಡಕ್ಟರು ಟಿಕೆಟ್ ಹರಿದಾದ ಮೇಲೆ, "ಗಂಡಸ್ರೆಲ್ಲಾ ಇಳೀರಿ" ಎನ್ನುತ್ತಿದ್ದ. ಕುಳಿತು ಹೋಗಲು ಟಿಕೆಟ್ ಕೊಂಡವರು ಇಳಿದು, ಪಂಚೆ ಎತ್ತಿ ಕಟ್ಟಿ, ಬಸ್ಸಿನ ಬೆನ್ನಿಗೆ ಹೆಗಲು ಕೊಡುತ್ತಿದ್ದರು. ಬಸ್ಸು ಗೊರ್ ಎಂದು ಹೊಗೆ ಉಗುಳಿ ಎದ್ದಾಗ ಆಗುತ್ತಿದ್ದ ಹೆಮ್ಮೆ, ಮುಂದೆ ಪರೀಕ್ಷೆ ಪಾಸಾದಾಗಲೂ ನನಗೆ ಆಗಿಲ್ಲ.

ಹತ್ತು ಮಂದಿ ಕಾರಿನ ಬೆನ್ನಿಗೆ ಕೈ ಹಚ್ಚಿದರು. ಕಾರು ಅಲುಗಲಿಲ್ಲ.

"ಹ್ಯಾಂಡ್‌ಬ್ರೇಕ್ ತಗಿಯೋ ಈರಣ್ಣಾ!" ಎಂದು ಭಾವ ನನಗೆ ಕೂಗಿ ಹೇಳಿದರು.

"ಅದೂ ಗುಂಡ್ಯಾಗ ಐತ್ರಿ. ಗುಂಡಿಗೆ ಕರೆಂಟ್ ಬೇಕು. ಇದನ್ನ ದಬ್ಬಾಕ ಬರಂಗಿಲ್ಲ, ದಬ್ಬಿದ್ರೂ ಚಾಲೂ ಆಗಂಗಿಲ್ಲ."

ಭಾವ ಕೈ ಕೆಳಗಿಳಿಸಿ, ಕಾರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಮುಖದಲ್ಲಿ ನಿಜವಾದ ನೋವಿತ್ತು.

"ದಬ್ಬಿದ್ರ ಚಾಲೂ ಆಗಲಾರದ್ದು ಎಂಥಾ ಗಾಡಿನೋ? ನೆರವಿಗೆ ಬಂದ ಮಂದಿಗೆ ಮರ್ಯಾದಿ ಬ್ಯಾಡ?"

ನಾನು ಹುಬ್ಬಳ್ಳಿಯ ರಿಪೇರಿಯವನಿಗೆ ಫೋನು ಮಾಡಿದೆ. ಕಾರು ಎಲ್ಲಿದೆ ಎಂದು ಕೇಳಿದ. ತೊಟ್ಟಿಲ ಹಂದರದಲ್ಲಿ ಎಂದೆ. ಅವನು ಅಭಿನಂದನೆ ಹೇಳಿದ. ಬೇರೆ ಗಾಡಿಯ ಬ್ಯಾಟರಿಯಿಂದ ವೈರು ಕೊಟ್ಟು ಎಬ್ಬಿಸಿರಿ, ಎದ್ದ ಮೇಲೆ ಮಾತ್ರ ಯಾವ ಕಾರಣಕ್ಕೂ ಬಂದ್ ಮಾಡಬೇಡಿರಿ, ಸೀದಾ ಮನೆಗೆ ಹೋಗಿ ಹೊಸ ಬ್ಯಾಟರಿ ಹಾಕಿಸಿರಿ ಎಂದು ಹೇಳಿದ. ಅಕ್ಕನ ಮಗ ಮಂಜು, "ಹೊಲದಾಗಿಂದ ಟ್ರ್ಯಾಕ್ಟರ್ ತರ್ತೇನಿ ಮಾಮಾ, ವೈರು ಅದರಾಗ ಅದಾವು" ಎಂದು ಬೈಕು ಹತ್ತಿ ಹೋದ.

ಕಾಯುವುದೊಂದೇ ಉಳಿದಿತ್ತು. ಊಟಕ್ಕೆ ಬರುವವರೂ ಉಂಡು ಹೋಗುವವರೂ ಕಾರಿಗೂ ಹಂದರದ ಕಂಬಕ್ಕೂ ನಡುವೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ದಾಟುತ್ತಿದ್ದರು. ದಾಟುವಾಗ ಒಬ್ಬೊಬ್ಬರೂ ತೆರೆದ ಬಾಗಿಲಲ್ಲಿ ಬಗ್ಗಿ, "ಊಟಾ ಆತ್ರ್ಯಾ?" ಎಂದು ಸುಮಿತ್ರಾಳನ್ನು ಕೇಳುತ್ತಿದ್ದರು. ಉಣ್ಣದೆ ಹೋಗುವುದು ಘನವಾದ ಕೆಲಸ ನಿಜ, ಆದರೆ ಅದಕ್ಕೆ ಹೋಗಬೇಕಾಗುತ್ತದೆ. ಉಣ್ಣದೆ ಅಲ್ಲೇ ಕುಳಿತವರಿಗೆ ಘನತೆ ಉಳಿಯುವುದು ಕಷ್ಟ. ಒಗ್ಗರಣೆಯ ವಾಸನೆ ಬೇರೆ ನೇರವಾಗಿ ಕಾರಿನೊಳಗೇ ಬರುತ್ತಿತ್ತು.

ಅದೇ ಹೊತ್ತಿಗೆ ಕಾರಿನಿಂದ 'ಗುರ್ರ್' ಎಂದು ದೀರ್ಘವಾದ ಸದ್ದು ಬಂತು.

"ಚಾಲೂ ಆತು ನೋಡ್ರಿ!" ಎಂದು ಭಾವ ಕುರ್ಚಿಯಿಂದೆದ್ದರು.

ಅದು ಸುಮಿತ್ರಾಳ ಹೊಟ್ಟೆ. ನಾನು ಭಾವನನ್ನು ಮೆಲ್ಲನೆ ಕೂರಿಸಿದೆ.

ಆ ಸದ್ದು ಅಡುಗೆಮನೆಗೂ ಕೇಳಿಸಿತೋ ಏನೋ, ಅಕ್ಕ ತುಂಬಿದ ತಾಟನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. ರೊಟ್ಟಿ, ಎಣ್ಣೆಗಾಯಿ, ತುಪ್ಪ ಸುರಿದ ಹೋಳಿಗೆ, ಪಕ್ಕದಲ್ಲಿ ಖಾರ.

"ಸುಮಿತ್ರಾ, ಹಿಡಿ."

"ಬ್ಯಾಡ್ರಿ ಅಕ್ಕಾರ. ನಾ ನಿಮ್ಮ ಮನ್ಯಾಗ ಉಣ್ಣಂಗಿಲ್ಲ ಅಂತ ಹೇಳೇನಿ."

"ಯಾರ ಮುಂದ ಹೇಳೀದಿ?"

"ನಿಮ್ಮ ತಮ್ಮನ ಮುಂದ."

ಅಕ್ಕ ನನ್ನ ಕಡೆ ನೋಡಿದಳು. ನಾನು ಬಾನೆಟ್ಟಿನೊಳಗೆ ತಲೆ ಹಾಕಿ, ಸತ್ತ ಬ್ಯಾಟರಿಯನ್ನು ಆಳವಾಗಿ ಪರೀಕ್ಷಿಸಿದೆ.

ಅಕ್ಕ ಕಾರಿನ ತಲೆಯ ಮೇಲೆ ತಟ್ಟಿ, "ಇದು ಯಾರದು?" ಎಂದಳು.

"ನಮ್ದು."

"ನಿಮ್ಮ ಕಾರಿನ್ಯಾಗ ಕುಂತು ನೀ ಉಂಡ್ರ, ನನ್ನ ಮನ್ಯಾಗ ಹೆಂಗ ಉಂಡಂಗಾತು?"

ಸುಮಿತ್ರಾ ಯೋಚಿಸಿದಳು. ಹಸಿದವರು ಬೇಗ ಯೋಚಿಸುತ್ತಾರೆ, ಆದರೂ ಅವಳು ಮರ್ಯಾದೆಗಾಗಿ ಸ್ವಲ್ಪ ತಡೆದಳು.

"ಗಾಲಿ ನಿಮ್ಮ ಹಂದರದಾಗ ಅದಾವಲ್ರೀ."

"ಗಾಲ್ಯಾಗಿನ ಗಾಳಿ ಹಾನಗಲ್ಲದ್ದು. ಉಣ್ಣು."

ಸುಮಿತ್ರಾ ತಾಟು ತೆಗೆದುಕೊಂಡಳು. ಒಂದು ತುತ್ತು ಮುರಿದು, ಕೈಯಲ್ಲೇ ಹಿಡಿದು, "ನೀವು ಉಂಡ್ರೇನು?" ಎಂದು ಕೇಳಿದಳು.

"ಎಲ್ಲೀದು? ಮುಂಜಾನಿಂದ ನಿಂತs ಇದ್ದೇನಿ."

"ಹಂಗಾರ ಒಳಗ ಬರ್ರಿ. ಕುಂದರ್ರಿ."

"ನಿಮ್ಮಲ್ಲಿಗೆ ಬರಂಗಿಲ್ಲ ಅಂತ ನಾನೂ ಹೇಳೇನಿ."

"ನಾವೆಲ್ಲಿ ಅದೇವ್ರಿ ಈಗ? ನಿಮ್ಮ ಮನಿ ಮುಂದs ಅದೇವಿ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಚಪ್ಪಲಿ ಇಲ್ಲದ ಕಾಲನ್ನು ಸೀರೆಯ ಅಂಚಿಗೆ ಒರೆಸಿಕೊಂಡು, ಕಾರು ಹತ್ತಿ ಕುಳಿತಳು. ಒಂದೇ ತಾಟಿನಲ್ಲಿ ಇಬ್ಬರೂ ಉಣ್ಣತೊಡಗಿದರು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಬಾನೆಟ್ಟಿನ ಮರೆಯಲ್ಲಿ ನಿಂತಿದ್ದರಿಂದ ಮಾತೆಲ್ಲ ಕೇಳುತ್ತಿತ್ತು.

"ಪಂಚಮಿಗೆ ನೀ ಕಳಿಸಿದ್ದು ನಾ ಕೇಳಲಿಲ್ಲ ಅಂತ ತಿಳೀಬ್ಯಾಡ. ನಾಕ ಸಲಾ ಕೇಳೇನಿ" ಎಂದು ಅಕ್ಕ ಹೇಳುತ್ತಿದ್ದಳು. "ಹಿಂದ ಮಿಕ್ಸರ್ ಸಪ್ಪಳಾ ಬರ್ತಿತ್ತು. ತವರಿಗೆ ಕರಿಯೂ ಮುಂದ ಮಿಕ್ಸರ್ ಆರಸಾಕ ಆಗಲಿಲ್ಲೇನು ನಿನಗ? ಅಷ್ಟೂ ಪುರಸೊತ್ತಿಲ್ಲ ಅಂದ ಮ್ಯಾಲೆ ನಾ ಯಾಕ ಬರ್ಲಿ ಅಂತ ಕುಂತ್ನಿ."

"ಶೇಂಗಾ ಪುಡಿ ಮಾಡಾಕತ್ತಿದ್ನಿರಿ."

"ಯಾಕ?"

"ಉಂಡಿಗೆ. ನಿಮಗ ಶೇಂಗಾ ಉಂಡಿ ಸೇರ್ತಾವಂತ."

ಅಕ್ಕ, "ಆ ಉಂಡಿ ಏನು ಮಾಡಿದ್ರಿ?" ಎಂದಳು.

"ನಿಮ್ಮ ತಮ್ಮ ತಿಂದ್ರು."

"ಎಲ್ಲಾನೂ?"

"ಎಲ್ಲಾನೂ."

ಇಬ್ಬರೂ ಒಟ್ಟಿಗೆ ಬಾನೆಟ್ಟಿನ ಕಡೆ ನೋಡಿದ್ದು ನನಗೆ ಕಾಣದಿದ್ದರೂ ತಿಳಿಯಿತು. ಜಗಳ ತನ್ನ ನಿಜವಾದ ಆರೋಪಿಯನ್ನು ಹುಡುಕಿಕೊಂಡಿತ್ತು. ಅಲ್ಲಿಂದ ಅವರಿಬ್ಬರ ಮಾತಿಗೆ ತಡೆಯೇ ಇರಲಿಲ್ಲ. ನಾನು ಹುಡುಗನಿದ್ದಾಗ ತಿಳವಳ್ಳಿಯ ಬಸ್ಸನ್ನು ದಬ್ಬಿ, ಅದು ಚಾಲೂ ಆದ ಸಂತೋಷದಲ್ಲಿ ಚಪ್ಪಾಳೆ ತಟ್ಟುತ್ತ ನಿಂತಿದ್ದೆನಂತೆ. ಬಸ್ಸು ಅಪ್ಪ, ಅವ್ವ, ಅಕ್ಕ ಎಲ್ಲರನ್ನೂ ಕೂರಿಸಿಕೊಂಡು ಹೋಗಿಬಿಟ್ಟಿತಂತೆ. ಸುಮಿತ್ರಾ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡಳು. ಅಕ್ಕ ಅವಳ ನೆತ್ತಿ ತಟ್ಟಿ ನೀರು ಕುಡಿಸಿದಳು. ಸುಮಿತ್ರಾಳ 'ಒಂದು ಹನಿ ನೀರೂ' ಅಲ್ಲಿಗೆ ಮುಗಿಯಿತು.

ಮಂಜು ಟ್ರ್ಯಾಕ್ಟರ್ ತಂದು ಮೂತಿಗೆ ಮೂತಿ ಹಚ್ಚಿ ನಿಲ್ಲಿಸಿದ. ಕೆಂಪಿಗೆ ಕೆಂಪು ವೈರು ಹಾಕಿ, ಕಪ್ಪು ವೈರಿನ ಒಂದು ತುದಿಯನ್ನು ಕಾರಿನ ಕಬ್ಬಿಣಕ್ಕೆ ಕಚ್ಚಿಸಿದೆವು. ಕಾರು ಎದ್ದಿತು. ಏಳುವಾಗ, ಕಳ್ಳರು ಬಂದರೆಂದು ತಿಳಿದು, ಇಡೀ ಓಣಿಗೆ ಕೇಳುವ ಹಾಗೆ ಹಾರ್ನು ಬಡಿದುಕೊಂಡಿತು. ಆಗಷ್ಟೇ ಮಲಗಿದ್ದ ಬಾಳ್ಯಾ ಎಚ್ಚರಗೊಂಡು ಅದಕ್ಕಿಂತ ಜೋರಾಗಿ ಕೂಗಿದ. ರೇಣುಕಾ ಒಳಗಿನಿಂದಲೇ ನನಗೆ ಏನೋ ಅಂದಳು, ಪುಣ್ಯಕ್ಕೆ ಗದ್ದಲದಲ್ಲಿ ಕೇಳಲಿಲ್ಲ. ಕೀಲಿಯ ಗುಂಡಿ ಒತ್ತಿ ಕಾರನ್ನು ಸುಮ್ಮನಿರಿಸಿದೆ. ದೀಪಗಳೆಲ್ಲ ಹತ್ತಿ, ದೂರು ಹೇಳಿ, ಆರಿದವು. ಭಾವ ಚಪ್ಪಾಳೆ ತಟ್ಟಿದರು. ಟ್ರ್ಯಾಕ್ಟರ್ ಹಿಂದೆ ಸರಿಯಿತು.

"ಅಕ್ಕಾ, ಇಳಿ. ಬಂದ್ ಮಾಡಾಕ ಬರಂಗಿಲ್ಲ, ಹೊಂಡಬೇಕು" ಎಂದೆ.

"ತಡಿಯೋ. ಮಾತು ಅರ್ಧಕ್ಕ ಐತಿ."

ಸೆಕೆಯೆಂದು ಎಸಿ ಹಾಕಿಸಿಕೊಂಡು, ಬಾಗಿಲು ಎಳೆದುಕೊಂಡರು. ಅಷ್ಟರಲ್ಲಿ ಹಿಂದೆ ಪಾತ್ರೆ ಒಯ್ಯುವ ಗಾಡಿಯವನು ದಾರಿ ಬಿಡಿರೆಂದು ಕೂಗತೊಡಗಿದ. ಹಂದರದಿಂದ ಹೊರಗೆ ಎಳೆದು, ಓಣಿಯ ತುದಿಯಲ್ಲಿ ಅಕ್ಕನನ್ನು ಇಳಿಸಿದರಾಯಿತು ಎಂದುಕೊಂಡು ಮೆಲ್ಲನೆ ಮುಂದೆ ಬಿಟ್ಟೆ. ಓಣಿಯ ತುದಿಯಲ್ಲಿ ಎದುರಿನಿಂದ ಬಸ್ಸು ಬಂತು. ದಾರಿ ಕೊಡಲು ಮುಂದೆ ಹೋದೆ. ಮುಂದೆ ತಿರುಗಿಸಲು ಜಾಗವಿರಲಿಲ್ಲ. ಜಾಗ ಸಿಕ್ಕಾಗ ಅಕ್ಕ ನಮ್ಮ ಅವ್ವನ ಬಗ್ಗೆ ಏನೋ ಹೇಳುತ್ತಿದ್ದಳು. ನಡುವೆ ಬಾಯಿ ಹಾಕಲು ನನಗೆ ಮನಸ್ಸಾಗಲಿಲ್ಲ. ಕೇಳುತ್ತ ಕೇಳುತ್ತ ಇನ್ನಷ್ಟು ದೂರ ಹೋದೆ.

ಬಹಳ ಹೊತ್ತಿನ ಮೇಲೆ ಅಕ್ಕ ಕಿಟಕಿಯಾಚೆ ನೋಡಿ ಬೆಚ್ಚಿಬಿದ್ದಳು.

"ಅಯ್ಯ! ಊರ ಹೊರಗಿನ ಎಲಿಬಳ್ಳಿ ತ್ವಾಟ ಬಂತಲ್ಲೋ! ನಾವು ಯಾವಾಗ ಹೊಂಟ್ವಿ?"

"ಆಗಳೇ ಹೊಂಟೇವಿ."

"ಸಪ್ಪಳs ಬರಲಿಲ್ಲಲ್ಲೋ!"

"ಇದು ಹಂಗs. ತಿರುಗಸ್ಲೇನು?"

ಅಕ್ಕ ತನ್ನ ಬರಿಗಾಲು ನೋಡಿಕೊಂಡಳು. ಮಡಿಲಲ್ಲಿದ್ದ ಖಾಲಿ ತಾಟು ನೋಡಿದಳು. ತಾಟನ್ನು ಸೀಟಿನ ಕೆಳಗಿಟ್ಟು, ಕಾಲು ಮಡಚಿ ಆರಾಮಾಗಿ ಕುಳಿತಳು. ಸುಮಿತ್ರಾ ಮೆಲ್ಲಗೆ, "ಚಪ್ಪಲಿ ನನ್ನವು ಹಾಕ್ಕೋರಿ. ಮನ್ಯಾಗ ಮತ್ತೊಂದು ಜೋಡು ಅದಾವು" ಎಂದಳು.

ನಾನು ಬಂಕಾಪುರದ ದಾರಿಯಲ್ಲೇ ನೆಟ್ಟಗೆ ಹೋದೆ. ಆಗಲೇ ಫೋನು ಬಂತು. ಕಾರಿನ ಸ್ಪೀಕರಿನಲ್ಲಿ ಮಂಜುವಿನ ದನಿ ನಾಲ್ಕೂ ಕಡೆಯಿಂದ ಮೊಳಗಿತು.

"ಮಾಮಾ, ಅವ್ವ ಎಲ್ಲೂ ಕಾಣವಲ್ಳು! ಬೀಗರು ಹೊಂಟು ನಿಂತಾರ, ಕುಂಕುಮಾ ಕೊಡಾಕ ಅವ್ವ ಬೇಕು. ಅಪ್ಪ ಹಿತ್ತಲಾ ಎಲ್ಲಾ ಹುಡುಕಾಕತ್ತಾನ."

ನಾನು ಏನು ಹೇಳುವುದೆಂದು ಕನ್ನಡಿಯಲ್ಲಿ ಹಿಂದೆ ನೋಡಿದೆ. ಅಕ್ಕ ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡಳು.

"ಮಂಜೂ, ನಾನs ಮಾತಾಡಾಕತ್ತೇನಿ. ರೇಣುಕಾಗ ಹೇಳು, ಕುಂಕುಮಾ ಅಕೀನs ಕೊಡ್ಲಿ. ನಿಮ್ಮ ಅಪ್ಪಗ ಹೇಳು, ನಾ ತವರಮನಿಗೆ ಹೊಂಟೇನಿ."

ಮಂಜು ಹಿತ್ತಲಿನ ಕಡೆ ಕೂಗಿ ಅಪ್ಪನಿಗೆ ಅದನ್ನು ಹೇಳಿ, ಮತ್ತೆ ಫೋನಿಗೆ ಬಂದ.

"ಯಾವಾಗ ಬರ್ತಿ ಅವ್ವಾ?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಸುಮಿತ್ರಾ ಎರಡು ಸೀಟಿನ ನಡುವಿನಿಂದ ಮುಂದೆ ಬಗ್ಗಿ, ಕಾರಿಗೇ ಹೇಳುವವಳ ಹಾಗೆ ಜೋರಾಗಿ ಹೇಳಿದಳು:

"ನಾವು ಕಳಿಸಿದಾಗ ಬರ್ತಾರ!"